ಐದನೆಯ ದಿನದ ನೀರು

ನಳ ಬರುವ ದಿನ ರತ್ನಾಬಾಯಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸೊಲ್ಲಾಪುರದಲ್ಲಿ ನಳದ ನೀರು ದಿನಾ ಬರುವುದಿಲ್ಲ. ಅಕ್ಕಲಕೋಟ ರಸ್ತೆಯ ಆ ಓಣಿಗೆ ಐದು ದಿನಕ್ಕೊಮ್ಮೆ, ಅದೂ ಎರಡೇ ತಾಸು. ಆ ದಿನ ಬೆಳಿಗ್ಗೆ ಎದ್ದವಳೇ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಇಳಿಯುತ್ತಿದ್ದಳು. ಸಾಲಾಗಿಟ್ಟ ಹದಿನಾಲ್ಕು ಕೊಡ, ಎರಡು ತಾಮ್ರದ ಹಂಡೆ, ಮೂಲೆಯ ದೊಡ್ಡ ಡ್ರಮ್ಮು, ಎಲ್ಲವನ್ನೂ ಒಂದೊಂದಾಗಿ ಬಗ್ಗಿಸಿ ಖಾಲಿ ಮಾಡುತ್ತಿದ್ದಳು. ಅರ್ಧ ಇದ್ದರೂ ಅಷ್ಟೆ, ಕಂಠದವರೆಗೆ ಇದ್ದರೂ ಅಷ್ಟೆ. ಹೊಸ ನೀರು ಬರುವ ಮುಂಚೆ ಹಳೆಯದು ಮನೆಯಲ್ಲಿರಕೂಡದು. ಅದು ಶಿಳಿ ನೀರು, ಅಂದರೆ ತಂಗಳು. ಕುಡಿದರೆ ರೋಗ, ದೇವರಿಗೆ ಏರಿಸಿದರೆ ಪಾಪ. ಕುರನೂರಿನ ತವರಿನಲ್ಲಿ ಆಕೆಯ ಅಜ್ಜಿ ದಿನಾ ಬೆಳಿಗ್ಗೆ ಹಂಡೆ ಬಗ್ಗಿಸಿಯೇ ಹೊಳೆಗೆ ಹೋಗುತ್ತಿದ್ದಳು. ಬೋರಿ ಹೊಳೆ ಮನೆಯ ಬೆನ್ನಿಗೇ ಇದ್ದವರಿಗೆ ಅದು ಸರಿಯೇ ಇದ್ದೀತು. ಹೊಳೆ ಅಲ್ಲೇ ಉಳಿಯಿತು, ಚೆಲ್ಲುವ ಪದ್ಧತಿ ಮಾತ್ರ ಮದುವೆಯ ಟ್ರಂಕಿನ ಜೊತೆ ಸೊಲ್ಲಾಪುರಕ್ಕೆ ಬಂತು.

ಮದುವೆಯಾಗಿ ಎಂಟು ತಿಂಗಳಾಗಿದ್ದ ಸೊಸೆ ಮಯೂರಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ.

"ಅತ್ತಿ, ಈ ಹಂಡಾದಾಗ ಕೈ ಸೈತ ಅದ್ದಿಲ್ಲ. ಮುಚ್ಚಿಟ್ಟದ್ದು ಮುಚ್ಚಿಟ್ಟಂಗೇ ಅದ. ಯಾಕ ಚೆಲ್ತೀರಿ?"

"ಐದ ದಿನ ಆತಲ್ಲ, ಶಿಳಿ ಆಗ್ಯಾದ."

"ನಳದಾಗ ಬರೂ ನೀರು ಡ್ಯಾಮಿನ್ಯಾಗ ವರ್ಸಗಟ್ಟಲೆ ನಿಂತಿರ್ತದ. ಅದು ಶಿಳಿ ಆಗೂದಿಲ್ಲೇನು?"

ರತ್ನಾಬಾಯಿ ದನಿ ಏರಿಸಿದಳು. "ನಿಮ್ಮ ಅಕ್ಕಲಕೋಟದಾಗ ಏನರೆ ಕುಡಕೊಂಡಿರ್ರಿ. ಈ ಮನಿಯಾಗ ನಾ ಇರೂತನಕ ಶಿಳಿ ನೀರ ನಡೆಯೂದಿಲ್ಲ" ಎಂದು ಎರಡನೆಯ ಹಂಡೆಯನ್ನೂ ಉರುಳಿಸಿದಳು. ನೀರು ಕಲ್ಲುಹಾಸಿನ ಮೇಲೆ ಹರಡಿ, ಹಿತ್ತಲ ಗೋಡೆಯ ಬುಡದಲ್ಲಿದ್ದ ಪೈಪಿನಲ್ಲಿ ಗುಳುಗುಳು ಸದ್ದು ಮಾಡಿ ಹೊರಗೆ ಹೋಯಿತು. ಎಲ್ಲಿಗೆ ಹೋಯಿತೆಂದು ನಲವತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಳ ಬಂದ ಮೇಲೆ ಮೊದಲು ತುಂಬಿದ ಕೊಡಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹಿತ್ತಲ ಗಿಡದ ಒಂದು ಕನಕಾಂಬರವನ್ನು ನೀರ ಮೇಲೆ ತೇಲಿಬಿಟ್ಟು ಕೈ ಮುಗಿಯುವುದು ಆಕೆಯ ನೇಮ. ಮುಂದಿನ ಸಲ ನಳ ಬರುವ ಹೊತ್ತಿಗೆ ಆ ಹೂವೂ ಹಳೆಯ ನೀರಿನ ಜೊತೆ ಗೋಡೆಯಾಚೆ ಹೋಗುತ್ತಿತ್ತು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಇನ್ನೊಂದು ಜಗಳ ತಯಾರಾಗಿತ್ತು. ಮಯೂರಿ ಬಿ.ಎಡ್. ಓದುತ್ತಿದ್ದಳು. ಯಾವುದಾದರೂ ಬಡ ವಸತಿಯ ಮಕ್ಕಳ ಜೊತೆ ನಲವತ್ತು ತಾಸು ಕಳೆದು ಬರೆದುಕೊಡಬೇಕೆಂದು ಕಾಲೇಜಿನವರು ಹೇಳಿದ್ದರು. ಅವಳು ಹಳ್ಳದ ದಂಡೆಯ ವಸ್ತಿಯನ್ನು ಆರಿಸಿಕೊಂಡಿದ್ದಳು.

ಮಾವ ಮಲಕಾಜಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಚಾದರ, ಟಾವೆಲ್ಲಿನ ಸಗಟು ಅಂಗಡಿಯವರು. ಊರೆಲ್ಲ ಅವರಿಗೆ ಗೊತ್ತು, ಊರಿಗೆಲ್ಲ ಅವರು ಗೊತ್ತು. "ನಮ್ಮ ಸೊಸಿ ಝೋಪಡಪಟ್ಟಿಯಾಗ ಕುಂತಾಳ ಅಂತ ನಾಳಿಗಿ ಬಜಾರದಾಗ ಕೇಳ್ತಾರ. ಬ್ಯಾರೆ ಕಡಿ ನೋಡು."

"ಬ್ಯಾರೆ ಕಡಿ ಅಂದ್ರ ಎಲ್ಲಿ ಮಾವಾರ? ಶ್ರೀಮಂತರ ಝೋಪಡಪಟ್ಟಿ ಎಲ್ಲಿ ಅದ ಹೇಳ್ರಿ, ಅಲ್ಲೇ ಹೋಗ್ತೀನಿ."

ಗಂಡ ಯೋಗಿರಾಜ ನಕ್ಕುಬಿಟ್ಟ. ಅಪ್ಪನ ಮುಖ ನೋಡಿ ಆ ನಗುವನ್ನು ಹಾಗೇ ಝುಣಕದ ಜೊತೆ ನುಂಗಿಕೊಂಡ. "ಅವ್ವ ಜೋಡಿ ಹೋಗ್ಲಿ ಅಲ್ರಿ, ಅಪ್ಪಾ. ಒಬ್ಬಾಕಿ ಹ್ವಾದ್ರ ಮಾತು. ಅತ್ತಿ ಸೊಸಿ ಕೂಡಿ ಹ್ವಾದ್ರ ಪುಣ್ಯದ ಕೆಲಸ ಅಂತಾರ."

ಹೀಗೆ ಯಾರ ಓದಿಗೋ ರತ್ನಾಬಾಯಿ ಸಿಕ್ಕಿಬಿದ್ದಳು.

ವಸ್ತಿ ಅವರ ಹಿತ್ತಲ ಗೋಡೆಯಿಂದ ನೂರು ಹೆಜ್ಜೆ. ಆದರೆ ಗೋಡೆಗೆ ಬಾಗಿಲಿರಲಿಲ್ಲ. ಮುಂಬಾಗಿಲಿನಿಂದ ಹೊರಟು, ರಸ್ತೆ ಸುತ್ತಿ, ಹಳ್ಳದ ಸೇತುವೆ ಇಳಿದು ಹೋದರೆ ಹತ್ತು ನಿಮಿಷ. ರತ್ನಾಬಾಯಿ ಮನೆಯಿಂದ ಒಂದು ಚಾಪೆ, ಒಂದು ನೀರಿನ ಬಾಟಲಿ ತಂದಿದ್ದಳು. ಅಲ್ಲಿಯ ನೆಲದ ಮೇಲೆ ಕೂಡುವವಳಲ್ಲ, ಅಲ್ಲಿಯ ನೀರು ಮುಟ್ಟುವವಳಲ್ಲ ಎಂದು ಬಾಯಿಬಿಟ್ಟು ಹೇಳದಿದ್ದರೂ ಚಾಪೆ ಮತ್ತು ಬಾಟಲಿ ಹೇಳುತ್ತಿದ್ದವು. ಬುದ್ಧವಿಹಾರದ ಕಟ್ಟೆಯ ಮೇಲೆ ಹದಿನೈದು ಮಕ್ಕಳು ಸೇರಿದ್ದರು. ಮಯೂರಿ ಮರಾಠಿಯಲ್ಲಿ ಪಾಠ ಶುರುಮಾಡಿದಳು. ಮಕ್ಕಳ ಶಾಲೆ ಮರಾಠಿಯದು, ಮನೆಮಾತು ಮಾತ್ರ ಕನ್ನಡ.

ಆರು ವರ್ಷದ ಒಂದು ಹುಡುಗಿ ಪಾಠ ಬಿಟ್ಟು ಚಾಪೆಯ ಅಂಚಿಗೆ ಬಂದು ಕೂತಿತು. ಅಂಚಿಗೆ ಅಂದರೆ ಅಂಚಿಗೇ, ಒಳಗೆ ಒಂದು ಬೆರಳೂ ಇಲ್ಲ.

"ನಿನ್ನ ಹೆಸರೇನ?"

"ಪಿಂಕಿ."

"ಅದು ಮನ್ಯಾಗ ಕರೆಯೂ ಹೆಸರ. ಖರೆ ಹೆಸರ ಹೇಳು."

"ಖರೇನೂ ಪಿಂಕಿನೇ." ಹುಡುಗಿ ಸ್ವಲ್ಪ ಹೊತ್ತು ರತ್ನಾಬಾಯಿಯ ಬಳೆ ಎಣಿಸಿತು. ಆಮೇಲೆ ತಲೆ ಎತ್ತಿ, "ಆಯಿ, ಇವತ್ತ ಮುಂಜಾನಿ ನಿಮ್ಮ ಮನ್ಯಾಗ ನಳ ಬಂದಿತ್ತಲ್ಲ?" ಎಂದು ಕೇಳಿತು.

"ನಿನಗ್ಯಾರ ಹೇಳ್ಯಾರ?"

ಪಿಂಕಿ ಹಲ್ಲಿಲ್ಲದ ಜಾಗ ತೋರಿಸಿ ನಕ್ಕಿತೇ ಹೊರತು ಹೇಳಲಿಲ್ಲ.

ರವಿವಾರ ಮತ್ತು ಬುಧವಾರ, ವಾರಕ್ಕೆ ಎರಡು ಸಲ ಹೋಗುತ್ತಾ ಹೋಗುತ್ತಾ ರತ್ನಾಬಾಯಿಗೆ ಪಿಂಕಿಯ ಮನೆಯವರೆಲ್ಲ ಗೊತ್ತಾದರು. ಪಿಂಕಿಯ ಅಪ್ಪ ಖಂಡೆಪ್ಪ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಪವರ್‌ಲೂಮಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಅವ್ವ ಹಿರಾಬಾಯಿ ಮನೆಯಲ್ಲೇ ಟಾವೆಲ್ಲಿನ ಅಂಚು ಹೊಲಿಯುತ್ತಿದ್ದಳು. ಹನ್ನೊಂದು ವರ್ಷದ ಅಕ್ಕ ಸಪನಾ ಅಡಿಗೆ ಮಾಡಿ, ತಂಗಿಗೆ ಜಡೆ ಹಾಕಿ, ಉಳಿದ ಹೊತ್ತಿನಲ್ಲಿ ಓದುತ್ತಿದ್ದಳು. ಚಪಳಗಾಂವಿನಿಂದ ಬಂದವರು. ಹಾಗೆಂದು ಗೊತ್ತಾದ ದಿನ ರತ್ನಾಬಾಯಿ, "ಅಯ್ಯ, ನಾನೂ ಆ ಕಡೀದಾಕಿನೇ, ಕುರನೂರದಾಕಿ" ಎಂದುಬಿಟ್ಟಳು. ಅಂದ ಮೇಲೆ, ಅನ್ನಬಾರದಿತ್ತೇನೋ ಎಂದು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು.

ಪಿಂಕಿ ಬರಬರುತ್ತಾ ಚಾಪೆಯ ಒಳಗೆ ಬಂತು. ತಿಂಗಳಾಗುವ ಹೊತ್ತಿಗೆ ರತ್ನಾಬಾಯಿಯ ತೊಡೆಗೆ ಒರಗಿ ಕೂಡುತ್ತಿತ್ತು. ಬೈಯಲು ಬಾಯಿ ಬರಲಿಲ್ಲ. ಮೊಮ್ಮಕ್ಕಳಿಲ್ಲದ ಮನೆಯಿಂದ ಬಂದ ತೊಡೆ ಅದು, ಅದಕ್ಕೂ ಒಂದು ಭಾರ ಬೇಕಾಗಿತ್ತು. ಮನೆಯಿಂದ ಶೇಂಗಾ ಹೋಳಿಗೆ ಕಟ್ಟಿಕೊಂಡು ಬರುವುದು ಶುರುವಾಯಿತು. ಆದರೆ ಆ ಹುಡುಗಿಯ ಒಂದು ರೀತಿಗೆ ಆಕೆಗೆ ಒಳಗೊಳಗೇ ಹೆದರಿಕೆ. ನಳ ಬಂದ ದಿನವೆಲ್ಲ ಅದು ತಪ್ಪದೆ, "ಇವತ್ತ ನಿಮ್ಮ ನಳ" ಎನ್ನುತ್ತಿತ್ತು. ಒಂದು ದಿನ, "ಹೋದ ಸಲ ನೀವು ಹೂವ ಎರಡ ಇಟ್ಟಿದ್ರಿ, ಅಲ್ಲ ಆಯಿ?" ಎಂದಿತು.

ಹೋದ ಸಲ ಯೋಗಿರಾಜನ ಹುಟ್ಟಿದ ದಿನವೆಂದು ರತ್ನಾಬಾಯಿ ನಿಜವಾಗಿಯೂ ಎರಡು ಹೂ ಇಟ್ಟಿದ್ದಳು. ಮನೆಯವರಿಗೇ ಗೊತ್ತಿರಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತಾ, "ಆ ಪೋರಿ ಮೈಯಾಗ ಏನೋ ಅದರಿ" ಎಂದು ಗಂಡನಿಗೆ ಹೇಳಿದಳು.

"ಹಸಿವಿ ಇರ್ತದ, ಮತ್ತೇನಿರ್ತದ" ಎಂದು ಮಲಕಾಜಪ್ಪ ಮಜ್ಜಿಗೆ ಕೇಳಿದರು.

ಚೈತ್ರದ ಬಿಸಿಲು ಏರಿತು. ಒಂದು ಬುಧವಾರ ಶುಭಮ ಎಂಬ ಹುಡುಗ ಪಾಠದ ನಡುವೆ ಎದ್ದು ವಿಹಾರದ ಕೊಡದಿಂದ ನೀರು ಕುಡಿದ. ರತ್ನಾಬಾಯಿ ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿರುವುದು ಆಕೆಯ ಜಾಯಮಾನದಲ್ಲಿ ಇರಲಿಲ್ಲ.

"ಯಾವತ್ತಿನ ನೀರ ಅದು?"

"ನಳ ಬಂದ ದಿನದ್ದು ಆಯಿ."

"ಅಂದ್ರ ಐದನೇ ದಿನದ್ದು. ಛೀ, ಉಗುಳು. ಕೇಳ್ರಿ ಎಲ್ಲಾರೂ. ಐದ ದಿನದ ಶಿಳಿ ನೀರು ವಿಷ ಇದ್ದಂಗ. ನಮ್ಮ ಮನ್ಯಾಗ ಹುಡಕಿದ್ರೂ ಒಂದ ಹನಿ ಶಿಳಿ ನೀರ ಸಿಗೂದಿಲ್ಲ. ಯಾವಾಗ ಬಂದು ಕುಡೀರಿ, ತಾಜಾ ನೀರೇ ಇರ್ತದ."

ಮಕ್ಕಳು ಬಾಯಿ ತೆರೆದು ಕೇಳಿದವು. ಪಿಂಕಿ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿತು, ಈ ಆಯಿ ತನ್ನವಳು ಎಂಬ ಜಂಬದಿಂದ.

ಮನೆಗೆ ಬರುವಾಗ ಸೇತುವೆಯ ಮೇಲೆ ಮಯೂರಿ ತಡೆಯಲಾರದೆ ಕೇಳಿದಳು. "ಹಂಗ್ಯಾಕ ಹೇಳಿದ್ರಿ ಅತ್ತಿ? ಇರೂ ನೀರ ವಿಷ ಅಂದ್ರ ಅವರು ಏನ ಕುಡೀಬೇಕು? ಅವರ ನಳ ಅರ್ಧ ತಾಸೂ ನಡೆಯೂದಿಲ್ಲ. ಮ್ಯಾಗಿನ ಮನಿಯೋರೆಲ್ಲ ಮೋಟರ ಹಚ್ಚಿ ಎಳೀತೀವಿ."

"ನಾ ಚಲೋದೇ ಹೇಳೀನಿ. ನಿನಗ ಎಲ್ಲಾದ್ರಾಗೂ ನಂದೇ ತಪ್ಪು ಕಾಣಸ್ತದ."

ಮುಂದಿನ ವಾರದ ಶನಿವಾರ ಅಕಾಲದ ಮಳೆ ಹೊಡೆಯಿತು. ರವಿವಾರ ಬೆಳಿಗ್ಗೆ ನಳ. ರತ್ನಾಬಾಯಿ ಎಂದಿನಂತೆ ಹಂಡೆ ಕೊಡ ಬಗ್ಗಿಸಿದಳು. ಮಧ್ಯಾಹ್ನ ಪಾಠದಲ್ಲಿ ಪಿಂಕಿ ಮಂಕಾಗಿತ್ತು, ಹೋಳಿಗೆ ಕೊಟ್ಟರೆ ಕೈಯಲ್ಲೇ ಹಿಡಿದುಕೊಂಡಿತ್ತು. ಬುಧವಾರ ಹೋದಾಗ ಕಟ್ಟೆಯ ಮೇಲೆ ಪಿಂಕಿಯೂ ಇಲ್ಲ, ಸಪನಾಳೂ ಇಲ್ಲ.

"ಎಲ್ಲಿ ಹೋಗ್ಯಾರ?" ಎಂದು ಮಯೂರಿ ಕೇಳಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಕೊನೆಗೆ ಶುಭಮ ಹೇಳಿದ. "ಪಿಂಕಿ ಸತ್ತಾಳ ಟೀಚರ್. ವಾಂತಿ ಭೇದಿ ಆಗಿತ್ತು. ದವಾಖಾನಿಗಿ ಒಯ್ದಿದ್ರು. ನಿನ್ನೆ ಚಪಳಗಾಂವಕ್ಕ ಒಯ್ದಾರ." ಹೇಳಿ ಮುಗಿಸಿ, ಇನ್ನು ಏನು ಮಾಡಬೇಕೆಂದು ತಿಳಿಯದೆ ಪಾಟಿ ತೆಗೆದುಕೊಂಡು ಕೂತ.

ರತ್ನಾಬಾಯಿ ಅಂದು ಚಾಪೆ ಹಾಸಲೇ ಇಲ್ಲ. ಸುರುಳಿಯನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದಳು.

ಮನೆಯಲ್ಲಿ ಮಲಕಾಜಪ್ಪ ಕೆಟ್ಟವರೇನಲ್ಲ, ಲೊಚಗುಟ್ಟಿದರು. ಆಮೇಲೆ, "ಸಾಕಿನ್ನ. ಹೊಲಸ ನೀರಿಂದ ಆಗ್ಯಾದಂತ, ನಾಳಿಗಿ ನಿಮಗೂ ಹತ್ತತದ. ಎಷ್ಟ ತಾಸ ಆಗ್ಯಾವ?" ಎಂದರು.

"ಮೂವತ್ತಾರು" ಎಂದಳು ಮಯೂರಿ.

"ಉಳದದ್ದು ಮನ್ಯಾಗ ಕುಂತು ಬರಿ. ಯಾರ ನೋಡಾಕ ಬರ್ತಾರ."

ಮಯೂರಿ ತಾಟು ಬಿಟ್ಟು ಎದ್ದುಹೋದಳು. ರತ್ನಾಬಾಯಿ ಆ ತಾಟನ್ನು ಎತ್ತಲೂ ಇಲ್ಲ, ಬೈಯಲೂ ಇಲ್ಲ. ಮರುದಿನ ಮಧ್ಯಾಹ್ನ ಯಾರಿಗೂ ಹೇಳದೆ ಒಬ್ಬಳೇ ವಸ್ತಿಗೆ ಹೋದಳು.

ಹಿರಾಬಾಯಿ ಚಪಳಗಾಂವಿನ ಅತ್ತೆಯ ಮನೆಯಲ್ಲೇ ಉಳಿದಿದ್ದಳು. ಪಾಳಿ ತಪ್ಪಿಸಲಾಗದೆ ಖಂಡೆಪ್ಪ ತಿರುಗಿ ಬಂದಿದ್ದ, ಅವನಿಗೆ ರೊಟ್ಟಿ ಮಾಡಿಹಾಕಲು ಸಪನಾಳನ್ನು ಕರೆತಂದಿದ್ದ. ಹುಡುಗಿ ಒಬ್ಬಳೇ ಬಾಗಿಲಲ್ಲಿ ಕೂತು ಜೋಳದ ಹಿಟ್ಟು ಸೋಸುತ್ತಿದ್ದಳು. ರತ್ನಾಬಾಯಿಯನ್ನು ಕಂಡವಳೇ ಒಳಗೆ ಹೋಗಿ ಪಿಂಕಿಯ ನೋಟಬುಕ್ಕು ತಂದಳು. ಮಯೂರಿ ಎಲ್ಲ ಮಕ್ಕಳಿಗೂ ಕೊಟ್ಟಿದ್ದ ನೋಟಬುಕ್ಕು. ಒಳಗೆ ಅಕ್ಷರ ಕಡಿಮೆ. ಪುಟಕ್ಕೊಂದರಂತೆ ಒಣಗಿದ ಕನಕಾಂಬರ ಅಂಟಿಸಿತ್ತು. ಒಂದು ಪುಟದಲ್ಲಿ ಮಾತ್ರ ಎರಡಿದ್ದವು.

"ಎಲ್ಲಿಂದ ತಂದಾಳ ಇವನ್ನ?"

"ನಿಮ್ಮ ಮನಿ ನೀರಾಗ ಬರ್ತಿದ್ವು ಆಯಿ."

ಸಪನಾ ಮುಂದೆ ಮುಂದೆ ನಡೆದಳು. ಗುಡಿಸಲುಗಳ ಹಿಂದೆ, ಮುಳ್ಳುಕಂಟಿ ಸರಿಸಿ ಹತ್ತಿದರೆ ಒಂದು ಎತ್ತರದ ಗೋಡೆ. ಮೇಲೆ ಕನಕಾಂಬರದ ಗಿಡದ ತುದಿ ಇಣುಕುತ್ತಿತ್ತು. ತನ್ನ ಮನೆಯ ಗೋಡೆಯನ್ನು ಆ ಬದಿಯಿಂದ ರತ್ನಾಬಾಯಿ ನೋಡಿದ್ದು ಅದೇ ಮೊದಲು. ಬುಡದಲ್ಲಿ ಪೈಪಿನ ಬಾಯಿ. ಅದರ ಕೆಳಗೆ ಮಕ್ಕಳು ನೆಲ ಕೆದರಿ, ಸುತ್ತ ಕಲ್ಲು ಕೂರಿಸಿ ಒಂದು ಗುಂಡಿ ಮಾಡಿದ್ದರು. ಅದಕ್ಕೆ ಒಂದು ಗೇಣು ದೂರದಲ್ಲಿ ಮೇಲಿನ ಓಣಿಯ ಗಟಾರ ಹರಿಯುತ್ತಿತ್ತು.

"ಬಟ್ಟಿ ಒಗಿಯಾಕ, ಭಾಂಡಿ ತಿಕ್ಕಾಕ ತುಂಬತೀವಿ. ಕುಡಿಯೂದಿಲ್ಲ. ಅವ್ವ ಕುಡೀಬ್ಯಾಡ್ರಿ ಅಂತ ಹೇಳ್ಯಾಳ" ಎಂದು ಸಪನಾ ಗುಂಡಿಯ ಕಡೆಗೇ ನೋಡುತ್ತಾ ಹೇಳಿದಳು. "ಆವತ್ತ ಮುಂಜಾನಿ ಅವ್ವ ಕೊಡದಾಗಿನ ನೀರ ಕೊಟ್ಟಳು. ಪಿಂಕಿ ಹೊರಗ ಬಂದು ಉಗುಳಿದಳು. ಇದು ಐದ ದಿನದ್ದು, ವಿಷ ಆಗ್ಯಾದ, ಆಯಿ ಮನಿ ನೀರ ತಾಜಾ ಇರ್ತದ ಅಂತ ಓಡಿ ಬಂದು ಇಲ್ಲಿ ಬೊಗಸಿಲೆ ಕುಡದಳು. ರಾತ್ರಿ ಮಳಿ ಬಂದಿತ್ತಲ್ಲ, ಗಟಾರ ಇದ್ರಾಗ ಕೂಡಿತ್ತು. ನಾ ದೂರ ಇದ್ನಿ ಆಯಿ. ಬ್ಯಾಡ ಅಂತ ಒದರಿದ್ನಿ." ಆಮೇಲೆ, "ಅವ್ವಗ ಹೇಳಬ್ಯಾಡ್ರಿ. ತಂಗೀನ ನೋಡಕೊಳ್ಳಲಿಲ್ಲ ಅಂತ ನನ್ನ ಕೊಂದ ಹಾಕ್ತಾಳ" ಎಂದಳು.

ರತ್ನಾಬಾಯಿ ಮನೆಯ ಕಡೆ ತಿರುಗಿದಳು. ಹತ್ತು ನಿಮಿಷದ ದಾರಿ ಅಂದು ಮುಗಿಯಲೇ ಇಲ್ಲ. ಹುಡುಗಿ ತನ್ನ ಮಾತು ನಂಬಿತ್ತು. ಅಷ್ಟೇ ಅದರ ತಪ್ಪು. ತಾಜಾ ಎಂದು ಕುಡಿದದ್ದು ಕೂಡ ಅದೇ ಐದು ದಿನದ ನೀರು, ತಾನೇ ಕೈಯಾರೆ ಚೆಲ್ಲಿದ್ದು.

ಮುಂದಿನ ಸಲ ನಳ ಬರುವ ದಿನ ಆಕೆ ಹಿತ್ತಲಲ್ಲಿ ಕೊಡದ ಕಂಠ ಹಿಡಿದು ನಿಂತಳು. ಬಗ್ಗಿಸಲು ಕೈ ಏಳಲಿಲ್ಲ. ಗೋಡೆಯಾಚೆ ಯಾರೋ ಕಾಯುತ್ತಿರುವಂತೆ, ಸಣ್ಣ ಬೊಗಸೆಯೊಂದು ಪೈಪಿನ ಕೆಳಗೆ ಹಿಡಿದಿರುವಂತೆ ಅನ್ನಿಸಿತು. ಕೊಡ ಇಟ್ಟು, ಗೋಡೆಗೆ ಕಿವಿ ಕೊಟ್ಟು ಕೇಳಿದಳು. ಹಳೆಯ ಸೀರೆಯೊಂದನ್ನು ಗಂಟು ಮಾಡಿ ಪೈಪಿನ ಬಾಯಿಗೆ ತುರುಕಿದಳು. ಅಂದಿನಿಂದ ದಿನಕ್ಕೆ ಹತ್ತು ಸಲ ಹೋಗಿ ಆ ಗಂಟು ಇದೆಯೇ ಎಂದು ನೋಡುವುದೇ ಕೆಲಸವಾಯಿತು. ಪಾತ್ರೆ ತೊಳೆದ ನೀರು ಹಿತ್ತಲಲ್ಲೇ ನಿಂತು ನಾರಿತು.

ಮಲಕಾಜಪ್ಪ ಸಿಟ್ಟಿಗೆದ್ದರು. "ಹಿತ್ತಲದಾಗ ಕಾಲ ಇಡಾಕ ಬರೂದಿಲ್ಲ. ಪೂಜಾಕ್ಕ ಶಿಳಿ ನೀರ ಇಟ್ಟೀದಿ. ನಲವತ್ತ ವರ್ಸ ನನ್ನ ತಲಿ ತಿಂದು ಈಗ ನೀನೇ ಬಿಟ್ಟಿ. ಏನಾಗ್ಯಾದ ನಿನಗ?"

"ಏನೂ ಆಗಿಲ್ಲರಿ."

"ಊಟ ಮಾಡೂದಿಲ್ಲ, ಮಲಗೂದಿಲ್ಲ. ಆ ಹುಡುಗಿ ನಮಗೇನ ಆಗಬೇಕ? ಊರಾಗ ದಿನಾ ಎಷ್ಟ ಮಂದಿ ಸಾಯ್ತಾರ."

"ಅಪ್ಪಾ, ಬಿಡ್ರಿ" ಎಂದ ಯೋಗಿರಾಜ. ಅವ್ವನನ್ನು ನಾಲ್ಕು ದಿನ ಅಕ್ಕಲಕೋಟಕ್ಕೆ ಬೀಗರ ಮನೆಗೆ ಕಳಿಸುವುದೆಂದು ಅವನೇ ತೀರ್ಮಾನಿಸಿದ. ಮಯೂರಿ ಜೊತೆಗೆ ಹೊರಟಳು.

ಬೀಗಿತಿ ದ್ರೌಪದಿ ಬಾಯಿತುಂಬ ಮಾತಾಡುವ ಹೆಂಗಸು. ಗುರುವಾರ ಊರಿನ ಸ್ವಾಮಿಗಳ ಗುಡಿಯಲ್ಲಿ ದರ್ಶನ ಮಾಡಿಸಿದಳು, ಪ್ರಸಾದದ ಸಾಲಿನಲ್ಲಿ ಕೂರಿಸಿದಳು. ರತ್ನಾಬಾಯಿ ಎಲ್ಲದಕ್ಕೂ ಹೂಂ ಎಂದಳು. ಎದುರು ಸಾಲಿನಲ್ಲಿ ಆರು ವರ್ಷದ ಹುಡುಗಿಯೊಂದು ನೀರಿನ ಲೋಟ ಎತ್ತಿ ಕುಡಿಯುವುದನ್ನು ಕಂಡು ಅನ್ನ ಬಿಟ್ಟು ಎದ್ದಳು. ಹೊರಗೆ ಕಟ್ಟೆಯ ಮೇಲೆ ಮಯೂರಿ ಸಿಕ್ಕಾಗ ಎಲ್ಲವನ್ನೂ ಹೇಳಿದಳು. ಉಗುಳು ಎಂದದ್ದು, ತಾಜಾ ಎಂದದ್ದು, ಗುಂಡಿ, ಹೂವು, ಯಾವುದನ್ನೂ ಬಿಡಲಿಲ್ಲ.

ಸೊಸೆ ತನ್ನನ್ನು ಬೈದಾಳು ಎಂದು ಆಕೆ ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಮಯೂರಿ ಮಾತ್ರ, "ಹಿರಾಬಾಯಿಗಿ ಗೊತ್ತೇನು?" ಎಂದು ಕೇಳಿದಳು.

"ಇಲ್ಲ. ಹೇಳಲೇನು ಬಿಡಲೇನು ಅಂತ ನನಗ ತಿಳಿವಲ್ದು. ಹೇಳಿದ್ರ ಸಪನಾಗ ಹೊಡೀತಾಳ. ನನಗ ಶಾಪ ಹಾಕ್ತಾಳ. ಹಾಕ್ಲಿ. ಆದ್ರ ಹೇಳಿ ಆಕಿಗೇನ ಸಿಗ್ತದ? ಹುಡುಗಿ ತಿರುಗಿ ಬರ್ತಾಳೇನು?"

"ನನಗೂ ಗೊತ್ತಿಲ್ಲ ಅತ್ತಿ" ಎಂದಳು ಮಯೂರಿ. "ಆದ್ರ ಒಂದ ಹೇಳ್ತೀನಿ. ಹುಡುಗಿ ಏನ ಕುಡದು ಸತ್ತಳು ಅಂತ ಆಕಿ ತಿಳಕೊಂಡಾಳೋ, ಅದನ್ನ ಮೊದಲ ಕೇಳ್ರಿ."

ಚಪಳಗಾಂವ ಅಲ್ಲಿಂದ ದೂರವಿರಲಿಲ್ಲ. ಮರುದಿನ ಅತ್ತೆ ಸೊಸೆ ಜೀಪು ಹತ್ತಿ ಹೋದರು. ಖಂಡೆಪ್ಪನ ತಾಯಿ ಅಂಗಳದಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದಳು. "ಹಿರಾ ದಿನ ಮುಗದ ಕೂಡ್ಲೆ ಸೊಲ್ಲಾಪುರಕ್ಕ ಹೋಗ್ಯಾಳವ್ವ" ಎಂದು ಕಣ್ಣು ಒರೆಸಿಕೊಂಡಳು. "ಇಲ್ಲಿ ಇದ್ದಾಗೂ ಬರೇ ಕೊಡ ಚೆಲ್ಲಾಕಿ. ನಾ ಎಷ್ಟ ಹೊತ್ತ ತಂದ್ರೂ ಸಂಜಿಗಿ ಚೆಲ್ಲಿಬಿಡಾಕಿ. ಏನ ಹುಚ್ಚ ಹಿಡದದೋ." ಅಂದು ಸಂಜೆಯೇ ಸೊಲ್ಲಾಪುರದ ಬಸ್ಸು ಹಿಡಿಯೋಣವೆಂದು ರತ್ನಾಬಾಯಿ ಸೊಸೆಗೆ ಹೇಳಿದಳು.

ಮರುದಿನ ನಳ ಬರುವ ದಿನ. ಬೆಳಿಗ್ಗೆ ಎದ್ದು, ಚಾಪೆ ಇಲ್ಲದೆ, ಬಾಟಲಿ ಇಲ್ಲದೆ ರತ್ನಾಬಾಯಿ ಬರಿಗೈಯಲ್ಲಿ ಹೊರಟಳು. ನಾನೂ ಬರಲೇ ಎಂದು ಮಯೂರಿ ಕೇಳಿದ್ದಕ್ಕೆ ಬೇಡವೆಂದಳು.

ವಸ್ತಿಯ ಓಣಿಯುದ್ದಕ್ಕೂ ಹೊಸ್ತಿಲುಗಳು ಒದ್ದೆಯಾಗಿದ್ದವು. ಎರಡು ಮನೆಯ ಹೆಂಗಸರು ಕೊಡ ಬೋರಲು ಹಾಕಿ ಇಟ್ಟಿದ್ದರು. ತನ್ನ ಬಾಗಿಲಲ್ಲಿ ಹಿರಾಬಾಯಿ ಮುಕ್ಕಾಲು ತುಂಬಿದ ಕೊಡವನ್ನು ಮೊಣಕಾಲಿಗೆ ಆನಿಸಿ ಬಗ್ಗಿಸುತ್ತಿದ್ದಳು. ಹಿಂದೆ ಸಪನಾ ನಿಂತಿದ್ದಳು. ಅವಳ ತುಟಿ ಒಣಗಿತ್ತು.

"ಏನ ಮಾಡಾಕತ್ತೀ ಹಿರಾ?"

"ಬರ್ರಿ ಆಯಿ. ಇವತ್ತ ನಳ ಬರೂ ದಿನ. ಶಿಳಿ ನೀರ ಚೆಲ್ಲಾಕತ್ತೀನಿ." ಹಿರಾಬಾಯಿಯ ದನಿಯಲ್ಲಿ ಅಳು ಇರಲಿಲ್ಲ. "ನೀವು ಹುಡುಗರಿಗಿ ಹೇಳಿದ್ರಂತ. ಪಿಂಕಿ ಬಂದು ಹೇಳಿದಳು, ಅವ್ವಾ ಇದು ವಿಷ ಆಗ್ಯಾದ ಅಂತ. ನಾ ನಕ್ಕ ಬಿಟ್ಟನಿ. ಆವತ್ತ ಮುಂಜಾನಿ ಬ್ಯಾಡ ಬ್ಯಾಡ ಅಂದ್ರೂ ಬೈದು ಕುಡಿಸಿದ್ನಿ ಆಯಿ, ಇದೇ ಕೊಡದ್ದು. ಶಾಣ್ಯಾ ಹುಡುಗಿ ಇತ್ತು, ನಿಮ್ಮ ಮಾತು ತಿಳಕೊಂಡಿತ್ತು. ನನಗೇ ತಿಳೀಲಿಲ್ಲ. ಈಗ ಓಣಿಯಾಗ ಎಲ್ಲಾರಿಗೂ ಹೇಳೀನಿ. ಹೋದ ಸಲ ಚೆಲ್ಲಿದ ಮ್ಯಾಲ ನಳ ಬರಲೇ ಇಲ್ಲ. ಎರಡ ದಿನ ನೀರಿಲ್ಲದ ಹಂಗೇ ತೆಗದ್ವಿ. ಆದ್ರೂ ಶಿಳಿ ನೀರ ಇಡಲಿಲ್ಲ."

ರತ್ನಾಬಾಯಿ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಹೇಳಿದರೆ ಆಕೆಗೇನು ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಎದುರಿಗೇ ಇತ್ತು.

"ಸಪನಾಗ ಕೈ ಹಚ್ಚೂದಿಲ್ಲ ಅಂತ ಮಾತ ಕೊಡು ಮೊದಲ."

ಹಿರಾಬಾಯಿ ತಿಳಿಯದೆ ನೋಡಿದಳು. ಸಪನಾ ಗೋಡೆಗೆ ಅಂಟಿ ನಿಂತಳು.

"ಆಕಿ ನಿನ್ನ ಕೊಡದ ನೀರ ಕುಡದಿಲ್ಲ ಹಿರಾ. ಹೊರಗ ಬಂದು ಉಗುಳ್ಯಾಳ. ನನ್ನ ಗ್ವಾಡಿ ಬುಡಕ ಬಂದು ಕುಡದಾಳ. ನಾ ಚೆಲ್ಲಿದ ನೀರ, ಗಟಾರ ಕೂಡಿದ್ದು. ಆಯಿ ಮನಿ ನೀರ ತಾಜಾ ಅಂತ ನಂಬಿ ಕುಡದಾಳ. ನಾ ಹೇಳಿದ್ದು ಸುಳ್ಳು. ಮುಚ್ಚಿಟ್ಟ ನೀರ ಐದ ದಿನಕ್ಕ ವಿಷ ಆಗೂದಿಲ್ಲ. ನಿನ್ನ ಕೊಡದಾಗ ಇದ್ದದ್ದೂ ಅದೇ ನೀರು, ನನ್ನ ಹಂಡಾದಾಗ ಇದ್ದದ್ದೂ ಅದೇ ನೀರು. ನೀ ಕೊಂದಿಲ್ಲ. ಕೊಂದಾಕಿ ನಾನು."

ಹಿರಾಬಾಯಿ ರತ್ನಾಬಾಯಿಯ ಕಡೆ ನೋಡಲಿಲ್ಲ. ಮಗಳ ಕಡೆ ತಿರುಗಿ, "ಖರೇನ?" ಎಂದಳು. ಸಪನಾ ತಲೆ ಆಡಿಸಿದಳು. ಕೊಡ ಇನ್ನೂ ಬಾಗಿಯೇ ಇತ್ತು, ಅಂಚಿನಿಂದ ನೀರು ಸಣ್ಣಗೆ ಸುರಿಯುತ್ತಿತ್ತು.

ರತ್ನಾಬಾಯಿ ಎರಡೂ ಕೈ ಚಾಚಿ ಆ ಕೊಡವನ್ನು ನೆಟ್ಟಗೆ ಮಾಡಿದಳು. ಪಕ್ಕದಲ್ಲಿದ್ದ ಸ್ಟೀಲಿನ ಲೋಟ ಮುಳುಗಿಸಿ, ಅಕ್ಕಪಕ್ಕದ ಹೆಂಗಸರು ನೋಡುತ್ತಿದ್ದಂತೆ ಎತ್ತಿ ಕುಡಿದಳು. ಆ ವಸ್ತಿಯಲ್ಲಿ ಆಕೆ ಬಾಯಿಗಿಟ್ಟ ಮೊದಲ ನೀರು ಅದು. ಇನ್ನೊಂದು ಲೋಟ ತುಂಬಿ ಅದನ್ನೂ ಕುಡಿದಳು. ಯಾವ ರುಚಿಯೂ ಇರಲಿಲ್ಲ, ಮನೆಯ ನೀರಿನಂತೆಯೇ ಇತ್ತು.

"ನೋಡು. ಇದಕ್ಕ ಏನೂ ಆಗಿಲ್ಲ" ಎಂದಳು.

ಹಿರಾಬಾಯಿ ಆಕೆಯ ಕೈಯಿಂದ ಲೋಟ ತೆಗೆದುಕೊಂಡು ಕೊಡದಲ್ಲಿ ಅದ್ದಿದಳು. ಸಪನಾಳನ್ನು ಹತ್ತಿರ ಎಳೆದು, ಲೋಟವನ್ನು ತಾನೇ ಅವಳ ತುಟಿಗೆ ಹಿಡಿದಳು. ಹುಡುಗಿ ಗಟಗಟ ಕುಡಿಯಿತು. ಖಾಲಿ ಲೋಟ ಕೆಳಗಿಟ್ಟು, ಸೆರಗಿನಿಂದ ಮಗಳ ಗದ್ದ ಒರೆಸಿ, ಕೊಡದ ಬಾಯಿಗೆ ತಾಟು ಮುಚ್ಚಿದಳು. ಇದೆಲ್ಲ ಮುಗಿದ ಮೇಲೂ ರತ್ನಾಬಾಯಿಯ ಮುಖ ನೋಡಲಿಲ್ಲ.

"ನೀವಿನ್ನ ಮನಿಗಿ ಹೋಗ್ರಿ ಆಯಿ" ಎಂದಳು. "ನಿಮ್ಮ ನಳ ಬರೂ ಹೊತ್ತಾತು."